ಮೂರು ಬಡಿತ

ಲಿಫ್ಟು ಕೆಟ್ಟು ಹನ್ನೊಂದು ದಿನವಾಗಿತ್ತು. ವರ್ನೆಟ್ಟಾ ಒಂದು ಕೈಯಲ್ಲಿ ಹಾಲಿನ ಡಬ್ಬ, ಇನ್ನೊಂದು ಕೈಯಲ್ಲಿ ಬ್ರೆಡ್ಡು, ಬೀನ್ಸಿನ ಚೀಲ ಹಿಡಿದು ಮೆಟ್ಟಿಲು ಹತ್ತುತ್ತಿದ್ದಳು. ನಾಲ್ಕನೇ ಮಹಡಿಯಲ್ಲಿ ಒಮ್ಮೆ ಕೂತಳು. ಏಳನೆಯದರಲ್ಲಿ ಇನ್ನೊಮ್ಮೆ. ಬಲ್ಬುಗಳು ಹೋಗಿ ಎಷ್ಟು ಕಾಲವಾಯಿತೋ, ಹಗಲಲ್ಲೂ ಗೋಡೆ ಸವರಿಕೊಂಡೇ ಹತ್ತಬೇಕು. ಆ ಗೋಡೆಯ ಒಂದೊಂದು ಗುಳಿಯೂ ಅವಳ ಕೈಗೆ ಗೊತ್ತು. ಆರು ವರ್ಷದವಳಿದ್ದಾಗಿನಿಂದ ಹತ್ತಿದ ಮೆಟ್ಟಿಲು. ಈಗ ಅವಳಿಗೆ ನಲವತ್ತೊಂಬತ್ತು. ಆಸ್ಪತ್ರೆಯ ಲಾಂಡ್ರಿಯಲ್ಲಿ ದಿನವಿಡೀ ನಿಂತು ಬೆಡ್‌ಶೀಟಿಗೆ ಇಸ್ತ್ರಿ ಹಾಕುವ ಕಾಲುಗಳು ಅವು. ಇವತ್ತು ರಜೆ ಹಾಕಿ ಬಂದಿದ್ದಳು. ಕಾಲಿಗೆ ಮಾತ್ರ ರಜೆ ಸಿಕ್ಕಿರಲಿಲ್ಲ.

ಬ್ಯಾನಿಸ್ಟರ್ ಹೋಮ್ಸ್ ಅನ್ನುವ ಈ ಸರ್ಕಾರಿ ವಸತಿಯಲ್ಲಿ ಒಂದು ಕಾಲಕ್ಕೆ ಎಂಟು ಕಟ್ಟಡಗಳಿದ್ದವು. ಏಳನ್ನು ಕೆಡವಿಯಾಗಿತ್ತು. ಉಳಿದಿದ್ದು ಇದೊಂದೇ, ಹದಿನಾಲ್ಕು ಮಹಡಿಯದು. ಅರ್ಧಕ್ಕರ್ಧ ಮನೆಗಳ ಬಾಗಿಲಿಗೆ ಆಗಲೇ ಹಲಗೆ ಹೊಡೆದಿದ್ದರು. ಬೇಸಿಗೆಗೆ ಇದೂ ನೆಲ ಸೇರುತ್ತದೆ, ಈ ಜಾಗದಲ್ಲಿ ಚೆಂದದ ಇಟ್ಟಿಗೆ ಮನೆಗಳು ಏಳುತ್ತವೆ, ಈಗಿರುವವರಿಗೂ ಅದರಲ್ಲಿ ಪಾಲುಂಟು ಎಂದು ಹೌಸಿಂಗ್ ಆಫೀಸಿನವರು ನೋಟೀಸು ಅಂಟಿಸಿದ್ದರು. ಎಣಿಕೆ ಇವತ್ತೇ, ಮಂಗಳವಾರ ಬೆಳಿಗ್ಗೆ. ಬಾಡಿಗೆ ಪತ್ರದಲ್ಲಿ ಹೆಸರಿರಲಿ ಬಿಡಲಿ, ಬಾಗಿಲು ತಟ್ಟಿದಾಗ ಮನೆಯೊಳಗೆ ಯಾರಿರುತ್ತಾರೋ ಅವರ ಹೆಸರು ಬರೆದುಕೊಳ್ಳುತ್ತಾರೆ. ಬರೆಸಿದವರಿಗೆ ಹೊಸ ಮನೆ. ಇಲ್ಲದವರಿಗೆ ಇಲ್ಲ.

ಒಂಬೈನೂರ ನಾಲ್ಕನೇ ಮನೆಯಲ್ಲಿ ಹೋಬರ್ಟ್ ಟಿಬ್ಸ್ ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕೂತಿದ್ದ. ವರ್ನೆಟ್ಟಾಳ ಅಪ್ಪ. ಎಪ್ಪತ್ತೊಂಬತ್ತು ವರ್ಷ. ಚರ್ಚಿಗೆ ಹಾಕುವ ಬಿಳಿ ಅಂಗಿ, ಕತ್ತಿನವರೆಗೂ ಗುಂಡಿ, ಕಾಲಿಗೆ ಪಾಲಿಶು ಮಾಡಿದ ಶೂ.

"ಶೂ ಹಾಕ್ಕೊಂಡಿದ್ದೀಯಲ್ಲಪ್ಪ, ಒಳ್ಳೇದಾಯ್ತು."

"ನಿನ್ನೆ ಫೋನಲ್ಲಿ ನಾಲ್ಕು ಸಲ ಹೇಳಿದ್ಯಲ್ಲ. ಐದನೇ ಸಲ ಹೇಳಿಸ್ಕೊಳ್ಳೋಕೆ ನನಗೇನು ಕಿವಿ ಹೋಗಿದ್ಯಾ?"

"ಅವ್ರು ಬಂದಾಗ ಈ ಕುರ್ಚೀಲೇ ಕೂತಿರ್ಬೇಕು. ಬಾಗ್ಲು ನಾನು ತೆಗೀತೀನಿ. ಹೆಸ್ರು ಕೇಳ್ತಾರೆ, ಹೇಳು. ಅಷ್ಟೇ ಕೆಲ್ಸ."

"ಯಾವ ಹೆಸ್ರು?"

"ನಿನ್ ಹೆಸ್ರಪ್ಪ. ಇನ್ಯಾರ್ದು?"

ಮುದುಕ ನಕ್ಕ. "ಈ ಮನೇಲಿ ಯಾರಾದ್ರೂ ಕೋಟು ಹಾಕ್ಕೊಂಡೋರ ಮುಂದೆ ನನ್ ಹೆಸ್ರು ಹೇಳಿದ್ರೆ ನಿಮ್ಮಮ್ಮ ಪೊರಕೆ ತಗೋತಿದ್ಲು."

ಅದು ಸುಳ್ಳಲ್ಲ. ಈ ಮನೆ ಬಂದದ್ದು ಅಮ್ಮ ಕೋರಾಳ ಹೆಸರಿಗೆ. ಅಪ್ಪ ಆಗ ಜಾನುವಾರು ಮಂಡಿಯಲ್ಲಿ ದಿನಗೂಲಿ. ಕೆಲಸಕ್ಕೆ ಕರೆಯುವಾಗ ಕೊನೆಗೆ ಅವನಂಥ ಕರಿಯರು, ಕೆಲಸದಿಂದ ತೆಗೆಯುವಾಗ ಮೊದಲಿಗೆ ಕರಿಯರು. ವಾರದಲ್ಲಿ ಎರಡು ದಿನ ಕೆಲಸವಿದ್ದರೆ ಅದೇ ಹಬ್ಬ. ಮಕ್ಕಳ ಹಾಲು, ಬ್ರೆಡ್ಡಿಗೆ ಸರ್ಕಾರದಿಂದ ನೆರವು ಬರುತ್ತಿತ್ತು. ಆದರೆ ಮನೆಯಲ್ಲಿ ಗಂಡಸಿದ್ದರೆ ನೆರವು ಬಂದ್, ಮನೆಯೂ ಬಂದ್. ಗಂಡಸಿಗೆ ಕೆಲಸ ಇದೆಯೋ ಇಲ್ಲವೋ ಯಾರೂ ಕೇಳುತ್ತಿರಲಿಲ್ಲ. ಗಂಡಸು ಇದ್ದಾನೋ ಇಲ್ಲವೋ ಅಷ್ಟೇ. ಹೀಗಾಗಿ ಈ ಕಟ್ಟಡಗಳಲ್ಲಿ ಗಂಡಸರು ಇದ್ದೂ ಇರಲಿಲ್ಲ.

ವೆಲ್‌ಫೇರ್ ಮೇಡಂ ಹೇಳದೆ ಕೇಳದೆ ಬರುತ್ತಿದ್ದಳು. ಬಂದವಳು ಮಂಚದ ಕೆಳಗೆ ಬಗ್ಗಿ ನೋಡುತ್ತಿದ್ದಳು, ಬಚ್ಚಲಲ್ಲಿ ಹಲ್ಲುಜ್ಜುವ ಬ್ರಶ್ಶುಗಳನ್ನು ಎಣಿಸುತ್ತಿದ್ದಳು, ಬೀರು ತೆಗೆದು ಮೂಸುತ್ತಿದ್ದಳು. ಅದಕ್ಕೆ ಕಟ್ಟಡದವರೂ ಒಂದು ಉಪಾಯ ಕಂಡುಕೊಂಡಿದ್ದರು. ಮನೆಗಳನ್ನು ಬೆಚ್ಚಗಿಡುವ ಬಿಸಿನೀರಿನ ಕಬ್ಬಿಣದ ಪೈಪು ನೆಲಮಹಡಿಯಿಂದ ಹದಿನಾಲ್ಕನೆಯವರೆಗೂ ಪ್ರತಿ ಅಡುಗೆಮನೆಯ ಮೂಲೆಯಲ್ಲೇ ಹಾದುಹೋಗುತ್ತಿತ್ತು. ನೆಲಮಹಡಿಯ ಮಿಸ್ ಲುಸಿಂಡಾಳ ಕಿಟಕಿಗೆ ಕಟ್ಟಡದ ಮುಂಬಾಗಿಲಿನ ಮೆಟ್ಟಿಲು ಕಾಣುತ್ತಿತ್ತು. ಕೋಟು, ಕಡತ ಕಂಡ ಕೂಡಲೇ ಅವಳು ಸಾರಿನ ಸೌಟಿನಿಂದ ಪೈಪಿಗೆ ಮೂರು ಬಡಿತ ಬಡಿಯುತ್ತಿದ್ದಳು. ಠಣ್, ಠಣ್, ಠಣ್. ಮೇಲಿನವಳು ಅದನ್ನೇ ಬಡಿಯುತ್ತಿದ್ದಳು, ಅವಳ ಮೇಲಿನವಳೂ. ಗಂಡಸರು ಶೂ ಬಿಚ್ಚಿ ಕೈಯಲ್ಲಿ ಹಿಡಿದು, ಕಾಲುಚೀಲದಲ್ಲೇ, ಬೆಂಕಿ ಬಿದ್ದರೆ ಇಳಿಯಲೆಂದು ಹಿಂಬದಿಯಲ್ಲಿ ಕಟ್ಟಿದ್ದ ಮೆಟ್ಟಿಲಿಗೆ ಹೋಗಿ ಕೂರುತ್ತಿದ್ದರು. ಬೆಳಕಿಲ್ಲದ, ಬಿಸಿಯಿಲ್ಲದ ಜಾಗ. ಜನವರಿಯಲ್ಲಿ ಅಲ್ಲಿ ಉಗುಳಿದರೆ ಉಗುಳೇ ಗಟ್ಟಿಯಾಗುತ್ತಿತ್ತು. ಮೇಡಂ ಹೋದ ಮೇಲೆ ಒಂದೇ ಬಡಿತ. ಹೋದರು, ಹೊರಗೆ ಬನ್ನಿ ಅಂತ.

ಅಪ್ಪನ ಅಂಗಿಗಳನ್ನು ಅಮ್ಮ ದಿಂಬಿನ ಚೀಲದೊಳಗೆ ಮಡಚಿಡುತ್ತಿದ್ದಳು. ವರ್ನೆಟ್ಟಾ ಬಾಲ್ಯವಿಡೀ ಅಪ್ಪನ ಅಂಗಿಯ ಮೇಲೆ ತಲೆಯಿಟ್ಟು ಮಲಗಿದವಳು.

ಏಳು ವರ್ಷದವಳಿದ್ದಾಗ ಒಂದು ದಿನ ಮೇಡಂ ಅವಳ ಕೈಗೆ ಮಿಠಾಯಿ ಕೊಟ್ಟು ಗಲ್ಲ ಸವರಿ ಕೇಳಿದ್ದಳು, "ನಿಮ್ಮಪ್ಪನ್ನ ನೋಡಿ ಎಷ್ಟು ದಿನ ಆಯ್ತು ಪುಟ್ಟಿ?" ವರ್ನೆಟ್ಟಾ ಮಿಠಾಯಿ ಬಾಯಿಗೆ ಹಾಕಿಕೊಂಡು, ಕಣ್ಣು ಮಿಟುಕಿಸದೆ, "ನಂಗೆ ಅಪ್ಪ ಇಲ್ಲ ಮೇಡಂ" ಅಂದಳು. ಮೇಡಂ ನಂಬಿ ಬರೆದುಕೊಂಡು ಹೋದಳು. ಆ ಸಂಜೆ ಅಮ್ಮ ಅವಳ ತಟ್ಟೆಗೆ ಪೀಚ್ ಹಣ್ಣಿನ ಸಿಹಿ ಎರಡು ಸಲ ಬಡಿಸಿದಳು. ಅಪ್ಪ, "ಜಾಣೆ ನನ್ ಮಗಳು" ಅಂದ. ಆಮೇಲೆ ಊಟ ಮಾಡಲಿಲ್ಲ. ಆ ಸಿಹಿ ಇವತ್ತಿಗೂ ವರ್ನೆಟ್ಟಾಳ ಗಂಟಲಲ್ಲೇ ಇದೆ.

ಆ ಕಾನೂನು ಹೋಯಿತು ಎಂದು ಮುಂದೆ ಯಾರೋ ಹೇಳಿದರು. ಅಷ್ಟು ಹೊತ್ತಿಗೆ ಹೆಸರು ಸೇರಿಸಲು ಹೋದರೆ, ಇಷ್ಟು ವರ್ಷ ಯಾಕೆ ಮುಚ್ಚಿಟ್ಟಿರಿ ಎಂಬ ಪ್ರಶ್ನೆ ಬರುತ್ತಿತ್ತು. ಬೇಡಪ್ಪ ಬೇಡ ಎಂದು ಅಮ್ಮ ಸುಮ್ಮನಾದಳು. ನಲವತ್ತಮೂರು ವರ್ಷ ಹಾಗೇ ಹೋಯಿತು. ಹೋದ ವರ್ಷ ಅಮ್ಮನೂ ಹೋದಳು. ಈಗ ಕಾಗದದ ಪ್ರಕಾರ ಒಂಬೈನೂರ ನಾಲ್ಕರಲ್ಲಿರುವುದು ಸತ್ತ ಅಮ್ಮನೊಬ್ಬಳೇ. ಅಪ್ಪನನ್ನು ತನ್ನ ಜೊತೆ ಇಟ್ಟುಕೊಳ್ಳೋಣವೆಂದರೆ ವರ್ನೆಟ್ಟಾಳದು ಯಾರದೋ ಮನೆಯ ನೆಲಮಾಳಿಗೆಯ ಒಂದು ಕೋಣೆ, ಒಂದು ಮಂಚ. ಇವತ್ತು ಅಪ್ಪನ ಹೆಸರು ಬರೆಯದಿದ್ದರೆ ಅವನಿಗೆ ಬೀದಿಯೇ ಗತಿ.

ಕೆಳಗೆ ಆಫೀಸಿನ ವ್ಯಾನು ಬಂದು ನಿಂತಿತು.

"ನಾನು ಹೋಗಿ ಕರ್ಕೊಂಡು ಬರ್ತೀನಪ್ಪ. ಲಿಫ್ಟಿಲ್ಲ ಅಂತ ಕೆಳಗಿನಿಂದ್ಲೇ ಖಾಲಿ ಅಂತ ಬರ್ಕೊಂಡು ಹೋಗ್ಬಿಟ್ರೆ?"

"ಹೋಗು. ನಾನೆಲ್ಲಿಗೆ ಓಡ್ಹೋಗ್ತೀನಿ, ಈ ಮಂಡಿ ಇಟ್ಕೊಂಡು?"

ಅವಳು ಇಳಿದಳು. ಬಾಗಿಲ ಬಳಿ ಗ್ರಾಂಜರ್ ಎಂಬ ಅಧಿಕಾರಿ ನಿಂತಿದ್ದ. ಉದ್ದ ಕೋಟು, ಕಂಕುಳಲ್ಲಿ ದಪ್ಪ ಪುಸ್ತಕ. ಜೊತೆಗೆ ಪೆಟಿಫೋರ್ ಅಂತ ಕರಿಯ ಹುಡುಗಿ, ಇಪ್ಪತ್ತೈದು ಮೂವತ್ತರವಳು, ಕತ್ತಿನಲ್ಲಿ ಆಫೀಸಿನ ಬಿಲ್ಲೆ.

"ಹದಿನಾಲ್ಕೂ ಹತ್ತಬೇಕಾ?" ಎಂದು ಗ್ರಾಂಜರ್ ಮೆಟ್ಟಿಲು ನೋಡಿ ನಿಟ್ಟುಸಿರಿಟ್ಟ.

"ನಾವು ದಿನಾ ಹತ್ತೋದೇ ಸಾರ್," ಅಂದಳು ವರ್ನೆಟ್ಟಾ. "ನನ್ನ ಜೊತೆ ಬನ್ನಿ."

ಎರಡನೇ ಮಹಡಿಯ ತಿರುವು ಮುಟ್ಟಿದ್ದರಷ್ಟೇ.

ಠಣ್. ಠಣ್. ಠಣ್.

ವರ್ನೆಟ್ಟಾ ಕೆಳಕ್ಕೆ ತಿರುಗಿ ನೋಡಿದಳು. ಮಿಸ್ ಲುಸಿಂಡಾ! ಎಂಬತ್ತಮೂರು ವರ್ಷದ ಜೀವ. ನೋಟೀಸನ್ನು ಅವಳಿಗೆ ಓದಿ ಹೇಳಿದ್ದರು, ತಲೆಯಾಡಿಸಿದ್ದಳು. ಆದರೆ ಕಿಟಕಿಯಲ್ಲಿ ಕೋಟು, ಪುಸ್ತಕ ಕಂಡವಲ್ಲ, ಕೈ ತನ್ನ ಪಾಡಿಗೆ ಸೌಟು ಹಿಡಿದಿತ್ತು. ಮೇಲೆ ಇನ್ಯಾರದೋ ಕೈ ಅದನ್ನೇ ಬಡಿಯಿತು. ಅದರ ಮೇಲೆ ಮತ್ತೊಂದು. ಸದ್ದು ಹತ್ತುತ್ತಾ ಹೋಯಿತು. ಅದರ ಬೆನ್ನಿಗೇ ಬಾಗಿಲುಗಳು ಮೆಲ್ಲಗೆ ತೆರೆದು ಮುಚ್ಚಿದವು. ಕಾಲುಚೀಲದ ಪಾದಗಳ ಸಪ್ಪಳ ಗೊತ್ತಿದ್ದವರಿಗಷ್ಟೇ ಕೇಳುತ್ತದೆ.

"ಯಾರೂ ಹೋಗ್ಬೇಡಿ! ಒಳಗೇ ಇರಿ!" ಎಂದು ಅವಳು ಮೇಲಕ್ಕೆ ಕೂಗಿದಳು.

"ಮೇಡಂ, ಸುಮ್ನಿರಿ," ಗ್ರಾಂಜರ್ ಗದರಿದ. "ಎಣಿಕೆ ಹೊತ್ತಲ್ಲಿ ಯಾರಿಗೂ ಸೂಚನೆ ಕೊಡೋ ಹಾಗಿಲ್ಲ. ಇನ್ನೊಂದ್ಸಲ ಕೂಗಿದ್ರೆ ಈ ಕಟ್ಟಡದ ಎಣಿಕೇನೇ ರದ್ದು ಮಾಡ್ತೀನಿ."

ಅವಳು ಬಾಯಿ ಮುಚ್ಚಿದಳು. ಕೋಟು ಹಾಕಿಕೊಂಡವರ ಮುಂದೆ ಬಾಯಿ ಮುಚ್ಚುವುದು ಅವಳಿಗೆ ಹಾಲಿನ ಜೊತೆಗೇ ಬಂದದ್ದು. ಅಪ್ಪ ಮಾತು ಕೊಟ್ಟಿದ್ದಾನೆ, ಶೂ ಹಾಕಿಕೊಂಡಿದ್ದಾನೆ, ಹೋಗುವುದಿಲ್ಲ ಎಂದು ತನಗೆ ತಾನೇ ಹೇಳಿಕೊಂಡಳು.

ಐದನೇ ಮಹಡಿಯಲ್ಲಿ ಡೆಲ್ಫೀನ್ ಬಾಗಿಲು ತೆಗೆದಳು. ಮೇಜಿನ ಮೇಲೆ ಎರಡು ತಟ್ಟೆ, ಎರಡರಲ್ಲೂ ಹಬೆಯಾಡುವ ಗಂಜಿ.

"ಮನೇಲಿ ಎಷ್ಟು ಜನ?"

"ನಾನೊಬ್ಳೇ ಸಾರ್."

"ಎರಡು ತಟ್ಟೆ ಇದೆ?"

"ನಂಗೆ ಹಸಿವು ಜಾಸ್ತಿ ಸಾರ್."

ವರ್ನೆಟ್ಟಾಗೆ ತಡೆಯಲಾಗಲಿಲ್ಲ, ಪಿಸುದನಿಯಲ್ಲೇ ಅಂದಳು, "ಡೆಲ್ಫೀನ್, ಇವತ್ತು ಹೇಳ್ಬಹುದು ಕಣೇ! ಹೇಳಿದ್ರೇನೇ ಮನೆ!"

ಡೆಲ್ಫೀನ್ ಅವಳನ್ನು ನೋಡಿದಳು, ಗ್ರಾಂಜರನ ಕೋಟು ನೋಡಿದಳು. ನಂಬಿಕೆ ಬರಲಿಲ್ಲ. ಅವಳ ತಪ್ಪಲ್ಲ. ಆ ಆಫೀಸಿನ ಯಾವ ಕಾಗದವನ್ನು ನಂಬಿ ಯಾರು ಉದ್ಧಾರವಾಗಿದ್ದರು? "ನಾನೊಬ್ಳೇ," ಅಂದಳು ಮತ್ತೆ. ಗ್ರಾಂಜರ್ 'ಒಂದು' ಎಂದು ಬರೆದು ಪುಟ ತಿರುಗಿಸಿದ.

ಆರು, ಏಳು, ಎಂಟು. ನಾನೊಬ್ಬಳೇ. ನಾನು, ಮಕ್ಕಳು. ನಾನೊಬ್ಬಳೇ.

ಒಂಬೈನೂರ ನಾಲ್ಕರ ಬಾಗಿಲನ್ನು ವರ್ನೆಟ್ಟಾ ತಾನೇ ತೆಗೆದಳು. ಕುರ್ಚಿ ಖಾಲಿಯಿತ್ತು.

ಕುರ್ಚಿಯಷ್ಟೇ ಅಲ್ಲ. ಅಪ್ಪ ಕಾಫಿ ಕುಡಿದ ಲೋಟ ತೊಳೆದು ಬೋರಲು ಹಾಕಿತ್ತು. ಹಾಸಿಗೆಯ ಸುಕ್ಕು ತೆಗೆದಿತ್ತು. ಬಚ್ಚಲಲ್ಲಿ ಬ್ರಶ್ಶಿಲ್ಲ, ಕ್ಷೌರದ ಬ್ಲೇಡಿಲ್ಲ. ಮೊಳೆಗೆ ಟೋಪಿಯಿಲ್ಲ. ಬೀರುವಿನಲ್ಲಿ ಅಮ್ಮನ ಹಳೆಯ ಕೋಟು, ಎರಡು ಲಂಗ. ನಲವತ್ತಮೂರು ವರ್ಷ ಬದುಕಿದ ಗಂಡಸು ಎರಡೇ ನಿಮಿಷದಲ್ಲಿ ತನ್ನನ್ನು ಮನೆಯಿಂದ ಗುಡಿಸಿ ಹಾಕಿ ಹೋಗಿದ್ದ. ಅಷ್ಟು ಪಳಗಿದ ಕೈ ಅದು.

"ಯಾರಿದ್ದಾರೆ ಇಲ್ಲಿ?"

"ನಮ್ಮಪ್ಪ ಸಾರ್. ಈಗಿದ್ರು. ಹಿಂದಿನ ಮೆಟ್ಲಲ್ಲಿದ್ದಾರೆ. ಒಂದ್ನಿಮಿಷ, ಕರೀತೀನಿ."

"ನಮ್ಗೆ ಬೇಕಾಗಿರೋದು ಮನೆಯೊಳಗಿರೋರು. ಕೋರಾ ಟಿಬ್ಸ್ ಎಲ್ಲಿ?"

"ಅಮ್ಮ ಹೋದ್ವರ್ಷ ತೀರ್ಕೊಂಡ್ರು."

"ನೀವು ಇಲ್ಲೇ ಇರೋದಾ?"

"ಇಲ್ಲ ಸಾರ್, ನಾನು ಬೇರೆ. ಆದ್ರೆ..."

ಅವನು ದಿಂಬು ಒತ್ತಿ ನೋಡಲಿಲ್ಲ. ನೋಡಿದ್ದರೆ ಅಂಗಿ ಸಿಗುತ್ತಿತ್ತು. ಹಿಂದೆ ಹುಡುಕುವುದಕ್ಕೆ ಬರುತ್ತಿದ್ದರು, ಮಂಚದಡಿಗೂ ಬಗ್ಗುತ್ತಿದ್ದರು. ಇವತ್ತು ಬಂದದ್ದು ಹುಡುಕುವುದಕ್ಕಲ್ಲ. ಗ್ರಾಂಜರ್ 'ಖಾಲಿ' ಎಂದು ಬರೆದ. ಪೆಟಿಫೋರ್ ಬೋರಲು ಹಾಕಿದ ಲೋಟವನ್ನು ನೋಡುತ್ತಾ ನಿಂತಿದ್ದಳು. ಲೋಟದ ಅಡಿಯ ನೀರು ಇನ್ನೂ ಆರಿರಲಿಲ್ಲ. ಇಬ್ಬರೂ ಹತ್ತನೇ ಮಹಡಿಗೆ ಹೊರಟರು.

ವರ್ನೆಟ್ಟಾ ಹಿಂಬದಿಯ ಮೆಟ್ಟಿಲಿನ ಬಾಗಿಲು ದೂಡಿದಳು. ಕತ್ತಲೆಗೆ ಕಣ್ಣು ಹೊಂದಿಕೊಳ್ಳಲು ಒಂದು ಗಳಿಗೆ ಬೇಕಾಯಿತು. ಬಾಡಿಗೆ ಪತ್ರದಲ್ಲಿ ಹೆಸರಿಲ್ಲದವರೆಲ್ಲ ಮೆಟ್ಟಿಲು ಮೆಟ್ಟಿಲಿಗೂ ಒಬ್ಬೊಬ್ಬರಂತೆ ಕೂತಿದ್ದರು. ಡೆಲ್ಫೀನಳ ಗಂಡ ಆಗಸ್ಟಸ್, ಹನ್ನೊಂದನೆಯ ಮಹಡಿಯ ಕುರುಡ, ಜೈಲಿನಿಂದ ಬಂದು ಅಕ್ಕನ ಮನೆಯಲ್ಲಿದ್ದ ಒಬ್ಬ, ಮೊಮ್ಮಕ್ಕಳನ್ನು ಸಾಕುತ್ತಿದ್ದ ಒಬ್ಬ ಅಜ್ಜಿ. ಇಪ್ಪತ್ತಮೂರು ಜನ. ಎಲ್ಲರ ಮಡಿಲಲ್ಲೂ ಶೂ. ಅಪ್ಪ ಗೋಡೆಗೆ ಒರಗಿ ಕೂತಿದ್ದ, ಮಡಿಲಲ್ಲಿ ಪಾಲಿಶು ಮಾಡಿದ ಶೂ, ಅಂಗಿ ಜೇಬಿನಲ್ಲಿ ಬ್ರಶ್ಶು.

"ಹೋದ್ರಾ?" ಎಂದು ಪಿಸುಗುಟ್ಟಿದ.

ಬಾಲ್ಯವಿಡೀ ಕೇಳಿದ ಮಾತು. ವರ್ನೆಟ್ಟಾ ಅವನ ಪಕ್ಕದಲ್ಲೇ ಕೂತಳು. ಸಿಟ್ಟು ಬರಬೇಕಿತ್ತು. ಮೊದಲು ಬಂದದ್ದು ಸುಸ್ತು.

"ಅಪ್ಪ, ಇವತ್ತು ಅಡಗೋ ದಿನ ಅಲ್ಲ ಅಂತ ಹೇಳಿರ್ಲಿಲ್ವಾ?"

"ಬಡಿದ್ರಲ್ಲ ಮಗಳೇ."

"ಬಡಿದ್ರೆ? ಕುರ್ಚೀಲಿ ಕೂತಿರು ಅಂದಿದ್ದೆ. ಖಾಲಿ ಅಂತ ಬರ್ಕೊಂಡ್ರಪ್ಪ. ಖಾಲಿ ಅಂತ."

ಹೋಬರ್ಟ್ ಮಡಿಲಿನ ಶೂ ತಿರುಗಿಸಿ ನೋಡಿದ. "ನಾನು ಕೂತೇ ಇದ್ದೆ ಕಣಮ್ಮ. ಸದ್ದು ಕೇಳಿದ್ಮೇಲೆ ನೋಡ್ತೀನಿ, ಇಲ್ಲಿದ್ದೀನಿ. ಮಧ್ಯ ಏನಾಯ್ತೋ ನಂಗೇ ನೆನಪಿಲ್ಲ."

ಕೆಳಗಿನ ಮೆಟ್ಟಿಲಿನಿಂದ ಆಗಸ್ಟಸ್ ಕೇಳಿದ, "ನಮ್ದೂ ಹೋಯ್ತಾ?"

"ಡೆಲ್ಫೀನ್ ಒಬ್ಳೇ ಅಂತ ಬರ್ಸಿದ್ಲು."

"ಇನ್ನೇನು ಹೇಳ್ತಾಳೆ ಪಾಪ. ಇಪ್ಪತ್ತಾರು ವರ್ಷ ಅದನ್ನೇ ಹೇಳಿದ್ದಾಳೆ."

ಯಾರೂ ಅಳಲಿಲ್ಲ. ಅಜ್ಜಿಯೊಬ್ಬಳೇ ಸೊಂಟ ಹಿಡಿದುಕೊಂಡು ಎದ್ದು, "ಈ ಚಳೀಲಿ ಕೂತು ಕೂತು ನನ್ ಬೆನ್ನು ಮುರೀತು. ಇನ್ನೆಷ್ಟು ವರ್ಷ ಕೂರ್ಬೇಕಂತೆ?" ಅಂದಳು.

ಹೋಬರ್ಟ್ ಬಗ್ಗಿ ಶೂ ಹಾಕಿಕೊಂಡ. ಕತ್ತಲಲ್ಲಿ ಲೇಸಿನ ತುದಿ ಅವನ ಕೈಗೆ ಸಿಗಲಿಲ್ಲ. ವರ್ನೆಟ್ಟಾ ಕಟ್ಟಿಕೊಟ್ಟಳು. ಆಗಸ್ಟಸನೂ ಹಾಕಿಕೊಂಡ. ಆಮೇಲೆ ಒಬ್ಬೊಬ್ಬರಾಗಿ ಎಲ್ಲರೂ. ಆ ಮೆಟ್ಟಿಲನ್ನು ಅವರು ಅಷ್ಟು ವರ್ಷಗಳಲ್ಲಿ ಒಮ್ಮೆಯೂ ಶೂ ಹಾಕಿಕೊಂಡು ಇಳಿದಿರಲಿಲ್ಲ. ಇಳಿಯುವಾಗ ಸದ್ದು ಎಷ್ಟಾಯಿತೆಂದರೆ ಕುರುಡ, "ಇಷ್ಟು ಜನ ಇದ್ವಾ ನಾವು?" ಎಂದು ಕೇಳಿದ.

ನೆಲಮಹಡಿಗೆ ಬಂದಾಗ ಗ್ರಾಂಜರ್ ಮತ್ತು ಪೆಟಿಫೋರ್ ಮುಂದಿನ ಮೆಟ್ಟಿಲಿಂದ ಆಗಷ್ಟೇ ಇಳಿದಿದ್ದರು. ಗ್ರಾಂಜರನ ಹಣೆ ಬೆವರಿತ್ತು. ಮಿಸ್ ಲುಸಿಂಡಾ ತನ್ನ ಬಾಗಿಲಲ್ಲಿ ಸೌಟು ಹಿಡಿದು ನಿಂತಿದ್ದಳು.

"ಅಯ್ಯೋ ದೇವ್ರೇ, ಹೋಬರ್ಟ್, ಕೈ ತಾನಾಗೇ ಹೋಯ್ತು ಕಣೋ. ನನ್ ಕೈ ಕತ್ತರ್ಸಿ ಹಾಕು."

"ಆ ಕೈಯಿಂದ್ಲೇ ನಾವು ಇಷ್ಟು ದಿನ ಉಳಿದಿದ್ದು, ಲುಸಿಂಡಾ. ನೀನು ಒಳಗೆ ಹೋಗಿ ಕೂತ್ಕೋ."

ಅವನು ಅವಳ ಕೈಯಿಂದ ಸೌಟು ತೆಗೆದುಕೊಂಡು, ಅವಳ ಅಡುಗೆಮನೆಗೆ ನಡೆದು, ಪೈಪಿಗೆ ಬಡಿದ. ಒಂದೇ ಬಡಿತ.

ಕೋಟು ಹಾಕಿಕೊಂಡವರು ಕಟ್ಟಡದೊಳಗಿರುವಾಗ ಆ ಒಂದು ಬಡಿತ ಯಾವತ್ತೂ ಕೇಳಿದ್ದಿಲ್ಲ. ಮೇಲೆ ಬಾಗಿಲುಗಳು ತೆರೆದವು. ಹೆಂಗಸರು, ಮಕ್ಕಳು ಇಳಿದು ಬಂದರು. ಇಳಿದವರು ಅಧಿಕಾರಿಗಳನ್ನು ಕಂಡು ಗಕ್ಕನೆ ನಿಂತರು. ಆದರೆ ಕೆಳಗೆ ತಮ್ಮ ಗಂಡಂದಿರು, ತಮ್ಮಂದಿರು ಶೂ ಹಾಕಿಕೊಂಡು ನಿಂತಿದ್ದರಿಂದ ಯಾರೂ ಹಿಂದೆ ಹೋಗಲಿಲ್ಲ.

"ಈಗ ಎಣಿಸಿ ಸಾರ್," ಅಂದ ಹೋಬರ್ಟ್.

"ಎಣಿಕೆ ಮುಗೀತು." ಗ್ರಾಂಜರ್ ಪೆನ್ನಿಗೆ ಮುಚ್ಚಳ ಹಾಕಿದ. "ತಟ್ಟಿದಾಗ ಮನೇಲಿ ಇರ್ಬೇಕಿತ್ತು. ನೋಟೀಸಲ್ಲಿ ಸ್ಪಷ್ಟವಾಗಿ ಬರೆದಿದೆ."

"ಮನೇಲಿದ್ರೆ ಬೀದಿಗೆ ಹಾಕ್ತೀವಿ ಅಂತ ಹೇಳ್ಕೊಟ್ಟಿದ್ದು ನೀವೇ," ವರ್ನೆಟ್ಟಾ ಅಂದಳು. ಈ ಸಲ ಸ್ವರ ತಗ್ಗಲಿಲ್ಲ. "ವರ್ಷಗಟ್ಟಲೆ ನೀವು ಹುಡುಕಿದ ಮನುಷ್ಯ ಇವ್ರೇ ಸಾರ್. ಮಂಚದ ಕೆಳಗೆ ಬಗ್ಗಿ ಹುಡುಕಿದ್ರಿ. ಈಗ ಎದುರಿಗೆ ನಿಂತಿದ್ದಾರೆ, ಕಾಣ್ತಿಲ್ವಾ?"

"ಆಗಿನ ಕಾನೂನಿಗೆ ನಾನು ಜವಾಬ್ದಾರ ಅಲ್ಲ ಮೇಡಂ. ದಾರಿ ಬಿಡಿ."

ದಾರಿ ಬಿಟ್ಟರು. ಕೈ ಮಾಡುವ ಜನ ಅವರಲ್ಲ. ಮಾಡಿದರೆ ಮರುಗಳಿಗೆಯಲ್ಲೇ ಪೊಲೀಸರು ಬರುತ್ತಾರೆಂದು ಅಲ್ಲಿನ ಮಗುವಿಗೂ ಗೊತ್ತು. ಗ್ರಾಂಜರ್ ಹೊರಟ. ಪೆಟಿಫೋರ್ ಮಾತ್ರ ಹೋಬರ್ಟನ ಕೈಯಲ್ಲಿದ್ದ ಸೌಟನ್ನೇ ನೋಡುತ್ತಾ ಒಂದು ಗಳಿಗೆ ತಡೆದಳು.

"ನಮ್ ಕಟ್ಟಡದಲ್ಲಿ ಎರಡು ಸಲ ಬಡೀತಿದ್ರಂತೆ," ಎಂದಳು, ಅವನಿಗಷ್ಟೇ ಕೇಳುವ ಹಾಗೆ. "ನಮ್ಮಜ್ಜಿ ಹೇಳ್ತಿದ್ರು."

"ಹಾಗಾದ್ರೆ ನಿಂಗೆ ಗೊತ್ತಲ್ಲಮ್ಮ," ಅಂದ ಹೋಬರ್ಟ್. "ಬರ್ಕೋ."

ಅವಳ ಕಣ್ಣು ತುಂಬಿತು. ಹೊರಗಿನಿಂದ ಗ್ರಾಂಜರ್ ಅವಳ ಹೆಸರು ಹಿಡಿದು ಕೂಗಿದ. ಅವಳು ಹೋದಳು. ಕಣ್ಣೀರಿನಿಂದ ಪುಸ್ತಕದ ಯಾವ ಪುಟವೂ ಬದಲಾಗಲಿಲ್ಲ. ವ್ಯಾನು ಹೊರಟ ಸದ್ದು ಕೇಳಿಸಿತು.

ಒಳಗಿನಿಂದ ಮಿಸ್ ಲುಸಿಂಡಾ ಕೇಳಿದಳು, "ಹೋದ್ರಾ?"

"ಅವ್ರು ಹೋದ್ರು. ನಾವು ಹೋಗಿಲ್ಲ," ಅಂದ ಹೋಬರ್ಟ್.

ವರ್ನೆಟ್ಟಾ ಗೋಡೆಗೆ ಅಂಟಿಸಿದ್ದ ನೋಟೀಸನ್ನು ನಾಲ್ಕು ಮೂಲೆಯಿಂದಲೂ ಹರಿಯದ ಹಾಗೆ ಬಿಡಿಸಿದಳು. ಹಿಂಬದಿ ಖಾಲಿಯಿತ್ತು. ಅವಳ ಕೋಟಿನ ಜೇಬಿನಲ್ಲಿ ಲಾಂಡ್ರಿಯ ಪೆನ್ನಿತ್ತು, ಬೆಡ್‌ಶೀಟಿನ ಮೇಲೆ ಗುರುತು ಹಾಕುವುದು. ಆ ಮಸಿ ಕುದಿಯುವ ನೀರಿಗೂ ಬಿಡುವುದಿಲ್ಲ. ಎಲ್ಲರ ಹೆಸರನ್ನೂ ಬರೆಯಲು ಕಾಗದವನ್ನು ಗೋಡೆಗೆ ಒತ್ತಿ ಹಿಡಿದಳು. ನಾಳೆ ಬೆಳಿಗ್ಗೆ ಇಷ್ಟೂ ಜನ ಇದನ್ನು ಹಿಡಿದು ಆಫೀಸಿಗೆ ಹೋದರೆ ಅವರು ತೆಗೆದುಕೊಳ್ಳುತ್ತಾರೋ, ಹರಿದು ಹಾಕುತ್ತಾರೋ. ಹರಿದು ಹಾಕುತ್ತಾರೆಂದೇ ಅವಳಿಗೆ ಅನಿಸಿತು. ಹಾಗಿದ್ದರೆ ಅವರ ಕೈಯಿಂದಲೇ, ಇವರೆಲ್ಲರ ಮುಂದೆಯೇ ಹರಿಯಲಿ.

"ಅಪ್ಪ, ಹೆಸ್ರು ಹೇಳು."

"ನಿಂಗೆ ಗೊತ್ತಿಲ್ವಾ?"

"ಗೊತ್ತು. ನೀನೇ ಹೇಳು."

"ಹೋಬರ್ಟ್ ಟಿಬ್ಸ್," ಎಂದ ಮುದುಕ, ಗೋಡೆಗೆ ಹೇಳಿದ ಹಾಗೆ.

"ಗಟ್ಟಿಯಾಗಿ ಹೇಳಪ್ಪ," ಅಂದಳು ವರ್ನೆಟ್ಟಾ. ಪೆನ್ನನ್ನು ಕಾಗದದಿಂದ ಎತ್ತಲಿಲ್ಲ. "ಹದಿನಾಲ್ಕನೇ ಮಹಡೀಗೂ ಕೇಳ್ಬೇಕು."